ಮೀಟರು ತೊಂಬತ್ತೊಂದು ಎಂದಿತು

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಮನುಷ್ಯ ನಿವೃತ್ತನಾದ ಮೇಲೆ ಹಾಯಿದೋಣಿ ಕೊಂಡರೆ ಜನ ನಗದೆ ಬಿಡುತ್ತಾರೆಯೇ? ಮೊದಲು ನಕ್ಕವಳು ಹೆಂಡತಿಯೇ. "ನೆಲದ ಮೇಲೆ ಓಡಿಸಿದ್ದು ಸಾಲ್ದು ಅಂತ ಈಗ ನೀರಿಗಿಳೀತಾರಂತೆ," ಎಂದು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದಳು. ಡಿಪೋದ ಹಳೆಯ ಗೆಳೆಯರು, "ಸಮುದ್ರದಲ್ಲಿ ಸ್ಟಾಪ್ ಎಲ್ಲೆಲ್ಲಿದೆ ಡ್ರೈವರೇ?" ಎಂದು ಕೇಳಿದರು. ನಗದೆ ಇದ್ದವಳು ಮಗಳೊಬ್ಬಳೇ. ಅವಳಿಗೆ ದೋಣಿಯೇ ಅನ್ನ. ಬಂದರಿನ ದೋಣಿ ರಿಪೇರಿ ಅಂಗಳದಲ್ಲಿ ಎಂಟು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದಳು. ಕಡ್ಡಿಯಂತೆ ತೆಳ್ಳಗಿದ್ದುದಕ್ಕೋ, ಹೆಗಲ ಮೇಲೆ ಸದಾ ವೈರಿನ ಸುರುಳಿ ಇರುತ್ತಿದ್ದುದಕ್ಕೋ, ಅಲ್ಲಿ ಎಲ್ಲರೂ ಅವಳನ್ನು 'ತಂತಿ' ಎಂದೇ ಕರೆಯುತ್ತಿದ್ದರು. ತಂತಿ ಮುಟ್ಟಿದ ಕೆಲಸ ಎರಡನೇ ಸಲ ರಿಪೇರಿಗೆ ಬರುವುದಿಲ್ಲ ಎಂಬ ಮಾತು ಅಂಗಳದಲ್ಲಿತ್ತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು.

ಅಪ್ಪನಿಗೆ ಮೀಟರುಗಳೆಂದರೆ ಅಷ್ಟಕ್ಕಷ್ಟೆ. ಅವನ ಬಸ್ಸಿನ ಡೀಸೆಲ್ ಮುಳ್ಳು ಯಾವತ್ತೂ ಅರ್ಧದಲ್ಲೇ ನಿಂತಿರುತ್ತಿತ್ತಂತೆ. ಟ್ಯಾಂಕಿಗೆ ಕೋಲು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿಯೇ ಅವನು ಹೊರಡುತ್ತಿದ್ದುದು. ಆದರೆ ದೋಣಿಯ ಬ್ಯಾಟರಿಗೆ ಕೋಲು ಇಳಿಸುವುದು ಹೇಗೆ? ದೀಪ, ರೇಡಿಯೋ, ನೀರಿನ ಪಂಪು, ದಿಕ್ಕು ಹಿಡಿದು ಚುಕ್ಕಾಣಿ ತಿರುಗಿಸುವ ಯಂತ್ರ, ಕೊನೆಗೆ ಎಂಜಿನ್ ಶುರುಮಾಡುವುದಕ್ಕೂ ಅದೇ ಬ್ಯಾಟರಿ.

"ಹೊರಗಿಂದ ನೋಡಿದ್ರೆ ತುಂಬಿದ್ದೂ ಒಂದೇ, ಖಾಲಿಯೂ ಒಂದೇ. ಇದೆಂಥ ಪೆಟ್ಟಿಗೆ ಮಾರಾಯ್ತಿ?" ಎಂದ.

"ಅದಕ್ಕೇ ಮೀಟರು ಹಾಕ್ತೀನಿ ಅಂತಿರೋದು. ಬ್ಯಾಟರಿಯ ಮೈನಸ್ ತುದೀಲಿ ಒಂದು ಹಿತ್ತಾಳೆ ಪಟ್ಟಿ ಕೂರಿಸ್ತೀನಿ ಅಪ್ಪ. ಒಳಗೆ ಬರೋ ಕರೆಂಟು, ಹೊರಗೆ ಹೋಗೋ ಕರೆಂಟು ಎಲ್ಲಾ ಅದನ್ನ ದಾಟಿಯೇ ಹೋಗ್ಬೇಕು. ಅದು ಎಣಿಸ್ತಾ ಇರುತ್ತೆ. ಎಷ್ಟು ಉಳಿದಿದೆ ಅಂತ ಇಲ್ಲಿ ಪರ್ಸೆಂಟಲ್ಲಿ ಕಾಣುತ್ತೆ."

"ಅಂದ್ರೆ ಬಾಗಿಲಲ್ಲಿ ನಿಂತ ಕಂಡಕ್ಟರು."

"ಹೂಂ, ಕಂಡಕ್ಟರೇ."

ಎರಡು ಭಾನುವಾರ ಕೂತು ಅವಳು ಮೀಟರು ಜೋಡಿಸಿದಳು. ಅಂಗೈಯಗಲದ ಗಾಜಿನಲ್ಲಿ ನೂರು ಎಂದು ಮೂಡಿದಾಗ ಅಪ್ಪ ತೋಳಿನಿಂದ ಅದನ್ನು ಒರೆಸಿದ, ಧೂಳೇನೂ ಇರಲಿಲ್ಲ.

ಅಪ್ಪ ಮೊದಲ ಯಾನಕ್ಕೆ ಹೊರಡುವ ಹಿಂದಿನ ದಿನ ಅವ್ವ ಒಂದು ಷರತ್ತು ಹಾಕಿದಳು. ಎಂಟು ದಿನ ಹಳಸಿದ್ದು ತಿಂದುಕೊಂಡು ಇರುವುದಾದರೆ ಹೋಗುವುದೇ ಬೇಡ. ಹಾಗಾಗಿ ಅಪ್ಪ ಒಂದು ಪುಟ್ಟ ಫ್ರಿಜ್ ಹೊತ್ತು ತಂದ. ಆ ವಾರ ತಂತಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ದೂರದ ಯಾನಕ್ಕೆ ಸಿದ್ಧರಾಗುತ್ತಿದ್ದ, ಆಸ್ಪತ್ರೆಯ ಹಳೆಯ ನರ್ಸ್ ದಾದಿಯಮ್ಮ ಮತ್ತು ಅವರ ಗಂಡನ ದೊಡ್ಡ ದೋಣಿಯಲ್ಲೂ ಇಂಥದೇ ಮೀಟರು, ಇಂಥದೇ ಫ್ರಿಜ್ ಹಾಕುವ ಕೆಲಸವಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿಬಂದು, ಬ್ಯಾಟರಿಯ ಮುಚ್ಚಳ ತೆಗೆದು, ಫ್ರಿಜ್ಜಿನ ಎರಡು ತಂತಿ ಬಿಗಿದು, ಅದು ಗುಂಯ್‌ಗುಟ್ಟಿದ್ದನ್ನು ಕೇಳಿ, ಮುಚ್ಚಳ ಹಾಕಿ ಓಡಿಹೋದಳು.

ಅಪ್ಪ ದಡ ಕಣ್ಣಿಗೆ ಬೀಳುವಷ್ಟು ದೂರದಲ್ಲೇ ದೀಪಸ್ತಂಭದ ಭೂಶಿರದವರೆಗೆ ಹೋಗಿ ವಾಪಸಾಗಬೇಕಿತ್ತು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೋದಲ್ಲಿ ಅಂಗಳದ ಆಫೀಸಿಗೆ ಮಾತಾಡಬೇಕು ಎಂಬುದು ಮಗಳ ಷರತ್ತು. ಮೊದಲ ದಿನ, "ತೊಂಬತ್ತೆಂಟು!" ಎಂದು ಕೂಗಿದ. ಎರಡನೇ ದಿನ ತೊಂಬತ್ತೈದು. ಮೂರನೇ ದಿನ ತೊಂಬತ್ಮೂರು, ಜೊತೆಗೆ ಡಾಲ್ಫಿನ್ ಕಂಡ ಕತೆ. ನಾಲ್ಕನೇ ದಿನ ಹನ್ನೆರಡಾಯಿತು, ಒಂದಾಯಿತು, ರೇಡಿಯೋದಲ್ಲಿ ಬರೀ ಗರಗರ.

ತಂತಿ ಗಂಟೆಗೊಮ್ಮೆ ಕರೆದಳು. ಮೊದಮೊದಲು ದೋಣಿಯ ನಂಬರು ಹೇಳಿ ನಿಯಮದ ಪ್ರಕಾರ, ಆಮೇಲೆ ಗದರಿಸಿ, ಸಂಜೆಯ ಹೊತ್ತಿಗೆ ನಂಬರೂ ಇಲ್ಲ, ನಿಯಮವೂ ಇಲ್ಲ, "ಅಪ್ಪಾ, ಒಂದು ಸಲ ಹೂಂ ಅನ್ನು ಸಾಕು," ಎಂದು. ಅಂಗಳದ ಮೇಸ್ತ್ರಿ ತಮ್ಮ ಮೇಜಿನಿಂದ ಕನ್ನಡಕದ ಮೇಲುಗಡೆ ನೋಡಿ, "ಗಾಳಿ ಹದವಾಗಿದೆ, ಮಳೆಯಿಲ್ಲ. ಡ್ರೈವರ್ ನಿದ್ದೆ ಹೊಡೀತಿರ್ತಾನೆ," ಎಂದರು. ಆದರೂ ಸಂಜೆ ಅವರೇ ಕರಾವಳಿ ರಕ್ಷಣಾ ಠಾಣೆಗೆ ತಿಳಿಸಿದರು. ಮರುದಿನ ಒಬ್ಬ ಮೀನುಗಾರ ಬಿಳಿ ಹಾಯಿಯೊಂದು ನೆಟ್ಟಗೆ ಹೋಗುತ್ತಿದ್ದುದನ್ನು ನೋಡಿದೆನೆಂದ, ಒಳಗಿದ್ದವನು ಕೈಯನ್ನೂ ಬೀಸಿದನಂತೆ. ತಂತಿಗೆ ಹೋದ ಜೀವ ಬಂದಂತಾಯಿತು. ಕೋಪವೂ ಬಂತು. ಮನೆಯಲ್ಲಿ ಅವ್ವ ರವಿಕೆಯ ಒಂದೇ ತೋಳನ್ನು ಎರಡು ಸಲ ಹೊಲಿದಿದ್ದಳು.

ಎರಡು ದಿನ ಮೊದಲೇ, ಆರನೆಯ ದಿನ ಮಧ್ಯಾಹ್ನ ಅಪ್ಪ ಎಂಜಿನ್ ಹಾಕಿಕೊಂಡು ಟಪಟಪನೆ ಬಂದರಿಗೆ ಬಂದ. ಮುಖ ಬಿಸಿಲಿಗೆ ಸುಟ್ಟಿತ್ತು.

"ರೇಡಿಯೋ ಯಾಕೆ ತೆಗೀಲಿಲ್ಲ?"

"ಆಫ್ ಆಗಿತ್ತು ಅನ್ಸುತ್ತೆ ಕಣೇ. ನೋಡ್ಲೇ ಇಲ್ಲ."

"ಎರಡು ದಿನ ನೋಡ್ಲಿಲ್ವಾ?"

"ವಯಸ್ಸಾಯ್ತಲ್ಲ," ಎಂದು ಹಗ್ಗ ಸುತ್ತತೊಡಗಿದ. ವಯಸ್ಸಾಯಿತೆಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ರೇಡಿಯೋ ಪರೀಕ್ಷಿಸಲೆಂದು ಅವಳೊಬ್ಬಳೇ ದೋಣಿಗೆ ಹೋದಳು. ರೇಡಿಯೋಗೆ ಏನೂ ಆಗಿರಲಿಲ್ಲ. ಅಭ್ಯಾಸಬಲದಿಂದ ಮೀಟರಿನ ಗುಂಡಿ ಒತ್ತಿದಳು. ಅದು ಉಳಿದ ಪರ್ಸೆಂಟಿನ ಜೊತೆಗೆ ಬ್ಯಾಟರಿ ಯಾವತ್ತು ಎಷ್ಟು ಕೆಳಗಿಳಿದಿತ್ತು ಎಂಬುದನ್ನೂ ನೆನಪಿಟ್ಟಿರುತ್ತದೆ. ಅತಿ ಕಡಿಮೆ: ಹತ್ತು ಪಾಯಿಂಟ್ ನಾಲ್ಕು ವೋಲ್ಟು. ಹನ್ನೆರಡರ ಕೆಳಗೆ ಇಳಿದರೇ ಬ್ಯಾಟರಿ ಸುಸ್ತು. ಹತ್ತೂವರೆ ಎಂದರೆ ಹೆಣ. ಅವಳು ಕೂಡಲೇ ಬ್ಯಾಟರಿಯ ಮುಚ್ಚಳ ತೆಗೆದಳು.

ಫ್ರಿಜ್ಜಿನ ಕಪ್ಪು ತಂತಿ ಹಿತ್ತಾಳೆ ಪಟ್ಟಿಯ ಸರಿಯಾದ ಬದಿಯಲ್ಲಿಯೇ ಇತ್ತು. ಆದರೆ ಅದರ ತುದಿಗೆ ದಪ್ಪವಾಗಿ ಕರೀ ಟೇಪು ಸುತ್ತಿತ್ತು. ಅವಳು ಜನ್ಮದಲ್ಲಿ ಟೇಪು ಸುತ್ತುವವಳಲ್ಲ. ಅದು ಬಸ್ ಡಿಪೋದ ಕೆಲಸ. ಬ್ಯಾಟರಿಯ ತಲೆಯ ಬೋಲ್ಟಿನ ಮೇಲೆ, ಪಟ್ಟಿಯ ಹೊರತು ಬೇರೆ ಯಾವ ತಂತಿಯೂ ಇರಬಾರದಿದ್ದ ಕಡೆ, ಒಂದು ಉಂಗುರದ ಹೊಸ ಗೀರು ಕಾಣುತ್ತಿತ್ತು.

ಬಕೆಟ್ ಹಿಡಿದು ಅಪ್ಪ ಇಳಿದು ಬಂದಾಗ ಅವಳು ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ಇದನ್ನ ನಾನು ಪಟ್ಟಿ ಬಿಟ್ಟು ನೇರ ಬೋಲ್ಟಿಗೇ ಕಟ್ಟಿದ್ದೆ, ಅಲ್ವಾ?"

ಅಪ್ಪ ಬಕೆಟ್ ಕೆಳಗಿಟ್ಟ. "ಟಿಕೆಟ್ ಇಲ್ದೆ ಹಿಂದಿನ ಬಾಗಿಲಿಂದ ಹತ್ತಿದ್ದ, ಅಷ್ಟೆ. ಕಂಡಕ್ಟರ್ ಕಣ್ಣಿಗೆ ಬಿದ್ದಿರ್ಲಿಲ್ಲ."

"ತಮಾಷೆ ಬೇಡ. ಏನಾಯ್ತು ಹೇಳು."

ಅವನು ಮೆಟ್ಟಿಲ ಮೇಲೆ ಕೂತು ಹೇಳಿದ. ಮೂರನೇ ದಿನ ರಾತ್ರಿಯೇ ನಕ್ಷೆಯ ಮೇಜಿನ ಹಳೇ ಬಲ್ಬು ಹಳದಿಯಾಗಿತ್ತು, ಪಂಪು ಮುಲುಗುತ್ತಿತ್ತು. "ಮೀಟರು ನೋಡಿದ್ರೆ ತೊಂಬತ್ತೊಂದು. ನನ್ನ ಕಣ್ಣಿಗೇ ಪೊರೆ ಬಂದಿರ್ಬೇಕು ಅಂದ್ಕೊಂಡೆ. ಕೋಲು ಇಳಿಸಿ ನೋಡಿದ್ರೇ ನಂಬೋ ಮನುಷ್ಯ ನಾನು. ಆದ್ರೆ ನೀನು ಹಾಕಿದ ಮೀಟರು ಸುಳ್ಳು ಹೇಳುತ್ತೆ ಅಂತ ತಲೆಗೇ ಹೊಳೀಲಿಲ್ಲ ನೋಡು."

ನಾಲ್ಕನೇ ದಿನ ಎಂಜಿನ್ ಶುರುಮಾಡಲು ಹೋದರೆ 'ಕಟ್' ಎಂದು ಸದ್ದಾಯಿತು, ಅಷ್ಟೆ. ಎಲ್ಲ ಸ್ವಿಚ್ಚುಗಳನ್ನೂ ಒಂದೊಂದಾಗಿ ಆರಿಸಿದ. ಫ್ರಿಜ್ ಮಾತ್ರ ಓಡುತ್ತಿದ್ದಾಗಲೂ ಮೀಟರು, ಕರೆಂಟೇ ಹೋಗುತ್ತಿಲ್ಲ, ಸೊನ್ನೆ, ಎಂದಿತು. ಆಗ ಗೊತ್ತಾಯಿತು. ಫ್ರಿಜ್ ಆರಿಸಿ, ಅದರ ವೈರಿನ ಜಾಗ ಬದಲಿಸಿ, ಎರಡು ದಿನ ದೀಪ ಹಚ್ಚದೆ ಸೋಲಾರ್ ಹಲಗೆಯಿಂದ ಬ್ಯಾಟರಿ ತುಂಬಲೆಂದು ಕಾದ.

"ರೇಡಿಯೋ?"

"ಕೇಳ್ತಿತ್ತು. ನಿನ್ನ ದನಿ ಎಲ್ಲಾ ಸಲವೂ ಕೇಳ್ತಿತ್ತು. ಉತ್ತರ ಕೊಡೋಕೆ ಗುಂಡಿ ಒತ್ತಿದ ಕೂಡ್ಲೇ ಪ್ರಾಣ ಬಿಡೋದು. ಹೂಂ ಅನ್ನೋಷ್ಟೂ ಇರ್ಲಿಲ್ಲ ಅದರಲ್ಲಿ."

ಅವಳು ಮುಚ್ಚಳವನ್ನು ಮಡಿಲಿಂದ ಕೆಳಗಿಟ್ಟಳು. ಆಮೇಲೆ ಅವಳು ಕೇಳಿದಳು, "ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅಷ್ಟು ಜನ ಗಂಡಸ್ರ ಮಧ್ಯೆ ನಿಂತು ಹೆಸರು ತಗೊಂಡಿದೀಯ. ಒಂದು ತಂತಿಗೋಸ್ಕರ ಅವರ ಬಾಯಿಗೆ ನಿನ್ನ ಯಾಕೆ ಹಾಕ್ಲಿ? ಸರಿ ಮಾಡಿದೆ, ಮುಗೀತು."

ಮುಗಿದಿರಲಿಲ್ಲ. ಆ ಮಾತು ಅವನ ಬಾಯಿಂದ ಬಿದ್ದ ಕ್ಷಣವೇ ತಂತಿಗೆ ಅದೇ ವಾರದ ಇನ್ನೊಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಅದೇ ಆತುರ, ಅದೇ ಕೈ. "ದಾದಿಯಮ್ಮನ ದೋಣಿ," ಎಂದಳು. "ಇವತ್ತು ಬೆಳಗಿನ ಜಾವ ಹೊರಟ್ರು. ಹನ್ನೊಂದು ದಿನ ದಡ ಸಿಗಲ್ಲ ಅವರಿಗೆ. ನೀನು ಮುಚ್ಚಿಟ್ಟು ನನ್ನ ಮಾನ ಉಳಿಸ್ದೆ, ಅವರು?"

ಅಪ್ಪ ಮೆಟ್ಟಿಲಿಂದ ಎದ್ದ. "ಅಯ್ಯೋ, ಅದು ನಂಗೆ..." ಎಂದ. ಅವಳು ಆಗಲೇ ದೋಣಿ ಕಟ್ಟುವ ದಕ್ಕೆಯ ಮೇಲೆ ಓಡುತ್ತಿದ್ದಳು.

ಆಫೀಸಿನಲ್ಲಿ ಮೇಸ್ತ್ರಿ, ಇಬ್ಬರು ಬಡಗಿಗಳು, ಬಣ್ಣ ಬಳಿಯುವವನು ಇದ್ದರು. ಅಲ್ಲಿನ ರೇಡಿಯೋದಲ್ಲಿ ಆಡಿದ ಮಾತು ಬಂದರಿನ ಪ್ರತಿಯೊಂದು ದೋಣಿಗೂ ಕೇಳಿಸುತ್ತದೆ. ಅದು ಅವಳಿಗೆ ಗೊತ್ತಿತ್ತು. ಮೈಕು ಕೈಗೆತ್ತಿಕೊಂಡು ದಾದಿಯಮ್ಮನ ದೋಣಿಯನ್ನು ಕರೆದಳು. ಮೂರನೆಯ ಕರೆಗೆ ದಾದಿಯಮ್ಮನ ದನಿ ಬಂತು, ದೂರದಿಂದ, ಆದರೆ ಸ್ಪಷ್ಟವಾಗಿ.

"ನಿಮ್ಮ ಬ್ಯಾಟರಿ ಎಷ್ಟು ತೋರಿಸ್ತಿದೆ?"

"ತೊಂಬತ್ತೊಂಬತ್ತು. ಬಹಳ ಚೆನ್ನಾಗಿದೆ ನಿನ್ನ ಮೀಟರು."

"ಅದನ್ನ ನಂಬಬೇಡಿ. ಫ್ರಿಜ್ ಒಂದನ್ನ ಬಿಟ್ಟು ಎಲ್ಲಾ ಆರಿಸಿ. ಸೋಲಾರ್ ಹಲಗೆಯ ಸ್ವಿಚ್ಚನ್ನೂ. ಎಷ್ಟು ಕರೆಂಟು ಹೋಗ್ತಿದೆ ಅಂತ ಓದಿ ಹೇಳಿ."

ಆರಿಸಿ ಓದಿ ಬರಲು ಅವರಿಗೆ ಎರಡೇ ನಿಮಿಷ ಹಿಡಿದಿರಬೇಕು. ಬಣ್ಣದವನು ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸುತ್ತಲೇ ಇದ್ದ.

"ಸೊನ್ನೆ," ಎಂದಿತು ದನಿ. "ಫ್ರಿಜ್ ಓಡ್ತಾ ಇದೆ, ಕೈಯಿಟ್ಟು ನೋಡಿದೀನಿ. ಮೀಟರು ಸೊನ್ನೆ ಅಂತಿದೆ. ಏನಿದರ ಅರ್ಥ?"

"ಫ್ರಿಜ್ ತಗೊಳ್ಳೋ ಕರೆಂಟು ಅದಕ್ಕೆ ಕಾಣ್ತಿಲ್ಲ ಅಂತ. ತಂತಿಯನ್ನ ತಪ್ಪು ಕಡೆ ಕಟ್ಟಿದೀನಿ. ನಾಲ್ಕೈದು ದಿನದಲ್ಲಿ ಬ್ಯಾಟರಿ ಪೂರ್ತಿ ಬರಿದಾಗುತ್ತೆ, ಮೀಟರು ಆಗಲೂ ತೊಂಬತ್ತು ಅಂತಾನೇ ಹೇಳುತ್ತೆ. ಮೀಟರಿನ ತಪ್ಪಲ್ಲ, ಅಂಗಳದ್ದೂ ಅಲ್ಲ. ನಂದು."

ಆ ಕಡೆ ಗಂಡ ಹೆಂಡತಿ ಏನೋ ಮಾತಾಡಿಕೊಂಡದ್ದು ಅರ್ಧಂಬರ್ಧ ಕೇಳಿತು. ಗಂಡನಿಗೆ ಮುಂದೆ ಹೋಗುವ ಮನಸ್ಸು. "ವಾಪಸ್ ಬರ್ತೀವಿ," ಎಂದರು ದಾದಿಯಮ್ಮ.

ತಂತಿ ಉತ್ತರಿಸಲೆಂದು ಮತ್ತೆ ಗುಂಡಿ ಒತ್ತಿ ಹಾಗೇ ನಿಂತಿದ್ದಳು. ಮೇಸ್ತ್ರಿ ಎದ್ದು ಬಂದರು.

"ಮೈಕು ಕೆಳಗಿಡು. ಬೆರಳು ಇನ್ನೂ ಗುಂಡಿ ಮೇಲಿದೆ, ಊರೆಲ್ಲ ನಿನ್ನ ಉಸಿರು ಕೇಳ್ತಿದೆ."

ಒಬ್ಬ ಬಡಗಿ ನಕ್ಕ. ಮೇಸ್ತ್ರಿ ಅವನನ್ನು ನೋಡಿದ ನೋಟಕ್ಕೆ ನಗು ಅಲ್ಲಿಯೇ ಒಣಗಿತು. "ಈ ತಿಂಗಳು ಯಾವ್ಯಾವ ದೋಣಿ ಮುಟ್ಟಿದೀಯ, ಚೀಟಿ ಬರಿ. ಒಂದೊಂದನ್ನೂ ಬಿಚ್ಚಿ ನೋಡು. ನಾನೂ ಬರ್ತೀನಿ. ನಿನ್ನ ಕೆಲಸ ಅಂತ ನಾನು ಇಣುಕಿಯೂ ನೋಡ್ತಿರ್ಲಿಲ್ಲ, ಅದು ನಂದೂ ತಪ್ಪು."

ಇನ್ನೂ ನಾಲ್ಕು ದೋಣಿಗಳಿದ್ದವು. ನಾಲ್ಕೂ ಸರಿಯಾಗಿದ್ದವು.

ದಾದಿಯಮ್ಮನ ದೋಣಿ ಸಂಜೆಗೆ ಮರಳಿತು. ತಂತಿ ಅವರ ಎದುರಿಗೇ ಫ್ರಿಜ್ಜಿನ ಕಪ್ಪು ವೈರನ್ನು ಬಿಚ್ಚಿ ಸರಿಯಾದ ಕಡೆ ಬಿಗಿದಳು, ಒಂದೊಂದೇ ಸ್ವಿಚ್ಚು ಹಾಕಿ ಓದಿ ತೋರಿಸಿದಳು, ಬರೀ ವೋಲ್ಟು ನೋಡಿ ಅಂದಾಜು ಮಾಡುವುದನ್ನೂ ಕಲಿಸಿದಳು. ದಾದಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡರು, ಕೂತುಕೋ ಎನ್ನಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿತ್ತು. ಒಳ್ಳೆಯ ಗಾಳಿಗಾಗಿ ಅವರು ಒಂಬತ್ತು ದಿನ ಕಾಯಬೇಕಾಯಿತು. ಆ ಒಂಬತ್ತು ದಿನವೂ ತಂತಿ ಕೆಲಸಕ್ಕೆ ಹೋಗುವಾಗ ಅವರ ದೋಣಿಯನ್ನು ಹಾದೇ ಹೋಗಬೇಕಿತ್ತು. ಗಂಡ ಕೈಯೆತ್ತುತ್ತಿದ್ದರು, ಹೆಂಡತಿ ಇಲ್ಲ. ಅಂಗಳದಲ್ಲೂ ಮಾತು ಬದಲಾಯಿತು. ಇಬ್ಬರು ಗಿರಾಕಿಗಳು ಬೇರೆಯವರನ್ನು ಕರೆಸಿಕೊಂಡರು. ಇನ್ನೊಬ್ಬ ಮುದುಕ ಹುಡುಕಿಕೊಂಡು ಬಂದು, "ರೇಡಿಯೋದಲ್ಲಿ ಮಾತಾಡಿದ್ದು ನೀನೇ ಅಲ್ವಾ? ನನ್ನ ದೋಣೀನೂ ಒಂದ್ಸಲ ನೋಡು," ಎಂದ.

ಹತ್ತನೇ ದಿನ ದಾದಿಯಮ್ಮ ದಂಪತಿ ಹೊರಟರು. ಮುಂದಿನ ಹನ್ನೊಂದು ದಿನ ತಂತಿ ಊಟ ಮಾಡುವಾಗಲೂ ಮನಸ್ಸಿನಲ್ಲಿ ಆ ಕಪ್ಪು ವೈರನ್ನು ಬಿಚ್ಚಿ ಬಿಗಿಯುತ್ತಿದ್ದಳು. ಅಪ್ಪನ ಜೊತೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಅವನು ಎರಡು ಸಲ ಏನೋ ಹೇಳಲು ಬಾಯಿ ತೆರೆದು, ನೀರು ಕುಡಿದು ಎದ್ದು ಹೋಗಿದ್ದ.

ಹನ್ನೆರಡನೇ ದಿನ ಯಾವುದೋ ದೋಣಿಯ ಹೊಟ್ಟೆಯೊಳಗೆ ಬೋರಲು ಮಲಗಿ ಕೆಲಸ ಮಾಡುತ್ತಿದ್ದಾಗ ಫೋನು ಮಿಡಿಯಿತು. ದಾದಿಯಮ್ಮನ ಸಂದೇಶ: "ತಲುಪಿದ್ವಿ. ಎಂಬತ್ತೆರಡು ಪರ್ಸೆಂಟ್, ಹನ್ನೆರಡು ಪಾಯಿಂಟ್ ಆರು ವೋಲ್ಟು. ಎರಡೂ ಹೊಂದುತ್ತವೆ." ಅವಳು ಎರಡು ಸಲ ಓದಿದಳು. ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ದಕ್ಕೆಯ ಆ ತುದಿಗೆ ನಡೆದಳು. ಅಲ್ಲಿ ಅಪ್ಪ ಹಾಯಿ ಮಡಚುತ್ತಿದ್ದ.

"ಅಪ್ಪಾ, ಅವರು ತಲುಪಿದ್ರಂತೆ."

ಅಪ್ಪ ಮಡಚಿದ ಹಾಯಿಯ ಮೇಲೇ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ಬದುಕಿದೆ," ಎಂದ. "ಹನ್ನೊಂದು ದಿನದಿಂದ ರಾತ್ರಿಯೆಲ್ಲಾ ಹೊರಳಾಡ್ತೀನಿ ಅಂತ ನಿಮ್ಮವ್ವ ನನ್ನ ಬೈತಾ ಇದ್ಲು. ಇವತ್ತಾದ್ರೂ ಅವಳಿಗೆ ನಿದ್ದೆ ಬರುತ್ತೆ."

ಅವಳು ಅವನ ಪಕ್ಕದಲ್ಲಿ ಕೂತು ಹಾಯಿಯ ಇನ್ನೊಂದು ಅಂಚು ಹಿಡಿದುಕೊಂಡಳು. "ಗ್ರೀಸು ಕಣೇ, ಗ್ರೀಸು!" ಎಂದು ಅಪ್ಪ ಕೂಗಿದ. ಆಗಲೇ ಬಿಳಿ ಬಟ್ಟೆಯ ಮೇಲೆ ಐದು ಬೆರಳೂ ಮೂಡಿದ್ದವು.