ಹೂಮಳೆಗೆ ಮುಂಚಿನ ಗೊಬ್ಬರ

ಧಪ್ಪೆಂದು ಇನ್ನೊಂದು ಮೂಟೆ ಬಿತ್ತು, ಪಿಕಪ್ಪಿನ ಬೆನ್ನು ಒಮ್ಮೆ ಕುಗ್ಗಿ ಎದ್ದಿತು, ಇದು ನಮ್ಮದು, ಈಗ ಬೀಳುತ್ತಿರುವುದೆಲ್ಲ ನಮ್ಮದೇ, ಬಾವನ ಪಾಲು ಆಗಲೇ ಒಳಗೆ ಕೂತಿದೆ — ಬೇಕೇನೇ ತಾಯಮ್ಮ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ರೂಢಿ ನಮ್ಮಲ್ಲಿಲ್ಲ, ಹೆಗ್ಗದ್ದೆಯಿಂದ ಸಕಲೇಶಪುರದ ಗೊಬ್ಬರದಂಗಡಿಗೆ ಬರುವಾಗ ಮುಂದಿನ ಸೀಟಿನಲ್ಲಿ ಬಾವ, ನನ್ನ ಗಂಡನ ಅಣ್ಣ ಶಾಂತಮಲ್ಲಪ್ಪನವರು, ಹಿಂದೆ ತಮ್ಮ, ತಮ್ಮನ ಹಿಂದೆ ತಮ್ಮನ ಹೆಂಡತಿ. ಮನೆ ಪಾಲಾಗಿದೆ, ತೋಟದ ನಡುವೆ ಬೇಲಿ ಬಿದ್ದಿದೆ, ಒಲೆ ಎರಡಾಗಿವೆ, ಗೊಬ್ಬರದ ಮಾತು ಮಾತ್ರ ಇನ್ನೂ ಒಂದೇ ಬಾಯಲ್ಲಿ. ನನ್ನ ಗಂಡ ಲಿಂಗಪ್ಪ ಎಲ್ಲಿ, ಅಗೋ ಎದುರಿನ ಹೋಟೆಲಿನಲ್ಲಿ, ಅಣ್ಣ ಅವ್ರೆ, ನೋಡ್ಕೋತಾರೆ ಬುಡು ಎಂದು ಟೀ ಕುಡಿಯಲು ಹೋದ, ಒಳ್ಳೆಯವನು, ಅವನ ಹೊಟ್ಟೆ ತಣ್ಣಗಿರಲಿ, ಅಣ್ಣನೆದುರು ಅವನ ಬಾಯಿ ತೆರೆಯುವುದು ಆಕಳಿಸುವುದಕ್ಕೆ ಮಾತ್ರ. ಮೇಲೆ ನೋಡಿದರೆ ಒಂದು ಮೋಡದ ಚೂರೂ ಇಲ್ಲ, ಕಾಫಿ ಮೊಗ್ಗು ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ. ಹೋದ ವರ್ಷವೂ ಹೀಗೇ ಇತ್ತು, ದೊಡ್ಡ ಎಸ್ಟೇಟಿಗೆ ಗೊಬ್ಬರದ ಲಾರಿ ಬಂತು, ಬಂತಂತೆ, ಬಂತಂತೆ, ಊರಿಗೆ ಊರೇ ಎದ್ದು ಪೇಟೆಗೆ ಓಡಿತು, ನಮ್ಮೂರಿನ ಪಂಚಾಂಗ ಆ ಲಾರಿಯೇ ತಾನೇ, ಬಾವ ಮೂಟೆ ತಂದರು, ಮಾರನೇ ಬೆಳಿಗ್ಗೆ ಅವರ ಆಳುಗಳೇ ಬುಟ್ಟಿ ಹಿಡಿದು ನಮ್ಮ ಕಾಫಿ ಗಿಡಗಳ ಬುಡಕ್ಕೂ ಎರಚಿದರು. ಆಮೇಲೆ ಬಂದದ್ದು ಧೂಳು ಅಡಗುವಷ್ಟು ಹನಿ, ಅದರ ಮೇಲೆ ವಾರಗಟ್ಟಲೆ ಬೆಂಕಿಯಂಥ ಬಿಸಿಲು, ತೋಟಕ್ಕೆ ಕಾಲಿಟ್ಟರೆ ಗಂಜಲದಂಥ ಘಾಟು ಮೂಗಿಗೆ ಹೊಡೆಯುತ್ತಿತ್ತು — ನಮ್ಮ ಗೊಬ್ಬರ, ಗಿಡಕ್ಕೆ ಹೋಗಬೇಕಾದದ್ದು, ಗಾಳಿಗೆ ಹೋಗುತ್ತಿತ್ತು, ಎಲೆಯಂಚು ಸುಟ್ಟು ಮುರುಟಿತು, ಮೊಗ್ಗು ಕಪ್ಪಾಗಿ ಉದುರಿತು. ಎಸ್ಟೇಟಿನ ತೋಟ ಮಾತ್ರ ಬೆಳ್ಳಗೆ ಹೂ ಹೊತ್ತು ನಿಂತಿತ್ತು. ಏಕೆ ನಿಲ್ಲುವುದಿಲ್ಲ, ಅವರಿಗೆ ಕೆರೆ ಇದೆ, ಸ್ಪ್ರಿಂಕ್ಲರ್ ಇದೆ, ಬೇಕೆಂದ ದಿನ ಹೂಮಳೆ ತರಿಸಿಕೊಂಡು ಗೊಬ್ಬರ ಹಾಕುತ್ತಾರೆ, ನಮಗಿರುವುದು ಕುಡಿಯುವ ನೀರಿನ ಒಂದು ಬಾವಿ, ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತಂತೆ. ಫಸಲು ಬಿದ್ದಾಗ ಹಿರಿಯರೆದುರು ಬಾವ ಏನಂದರು, ನಿಮ್ ಕೈಲಿ ತೋಟ ಆಗಕಿಲ್ಲ ಕಣೋ ಲಿಂಗ, ಇನ್ನೊಂದ್ ವರ್ಸ ನೋಡನ, ಬರೋ ಸಲವೂ ಹಿಂಗೇ ಆದ್ರೆ ನಾನೇ ಗುತ್ತಿಗೆ ಮಾಡ್ಕೊತೀನಿ, ಇವನು ಹೂಂ ಅಂದ. ಹೂಂ ಅಂದುಬಿಟ್ಟ! ನಾನು ನೆಟ್ಟ ಗಿಡ, ನಾನು ಬೇಡದ ಚಿಗುರು ಮುರಿದು ಕಸಿ ತೆಗೆದ ಗಿಡ. ಬಾವನ ಫಸಲೂ ಬಿದ್ದಿತ್ತಲ್ಲ, ಅದಕ್ಕೆ ಬಿಸಿಲು ಕಾರಣ, ನಮ್ಮದಕ್ಕೆ ನಾವು.

ಮೂಟೆ ಮುಗಿದವು, ದುಡ್ಡು ಇನ್ನೂ ಕೊಡಬೇಕು. ಬಾವ ಪಿಕಪ್ ಹತ್ತಿ ಹಗ್ಗ ಬಿಗಿಯುತ್ತಿದ್ದಾರೆ, ಹಗ್ಗ ಇನ್ನೊಬ್ಬರ ಕೈಗೆ ಕೊಡುವವರಲ್ಲ ಅವರು, ಗಂಟು ಹಾಕಿದರೆ ಅವರೇ ಹಾಕಬೇಕು — ಕೊಂಡು ಅಟ್ಟದಲ್ಲಿಡಬಹುದಲ್ಲ ತಾಯಮ್ಮ, ಇಡಬಹುದು, ಮೂಟೆ ಊರು ಸೇರಿತೆಂದರೆ ನಾಳೆ ಬೆಳಿಗ್ಗೆ ಬುಟ್ಟಿಗಳು ಬರುತ್ತವೆ, ಆಗ ಯಾರು ತಡೆಯುತ್ತಾರೆ, ಇವನೇ? ತಡೆದರೆ ಇಲ್ಲೇ ತಡೆಯಬೇಕು, ಈಗಲೇ, ಕಾಲು ಅಂಗಡಿಯ ಜಗಲಿ ಇಳಿದಾಯಿತು, ಯಾರದೋ ಗಟ್ಟಿ ದನಿ, ಅಯ್ಯೋ ನನ್ನದೇ — ನಮ್ ಮೂಟೆ ಇಳಿಸಿ ಬಾವ. ಏನಂದೆ? ನಮ್ದು ಇಳಿಸಿ, ಮಳೆ ಬಂದು ನೆಲ ನೆನೀಲಿ, ಆಮೇಲ್ ತಗೊಂಡೋಯ್ತೀವಿ. ಅಂಗಡಿಯವನು ಗಲ್ಲಾದಿಂದೆದ್ದು ಬಂದ, ಆಮೇಲ್ ಬಂದ್ರೆ ಸ್ಟಾಕ್ ಇರಕಿಲ್ಲ ಕಣಮ್ಮ, ಬರಿಗೈಲಿ ಹೋಗ್ಬೇಕಾಯ್ತದೆ. ಅದೂ ನಿಜ, ಆಗ ಗೊಬ್ಬರ ಸಿಗದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ, ತೋಟ ಹೋಗುತ್ತದೆ, ನನ್ನಿಂದಲೇ ಹೋಯಿತು ಎನ್ನುತ್ತಾರೆ, ಎನ್ನಲಿ, ಹಾಸನಕ್ಕೆ ಹೋಗಿ ಹುಡುಕುತ್ತೇನೆ, ಸುಡುವ ನೆಲಕ್ಕೆ ಮಾತ್ರ ಹಾಕುವುದಿಲ್ಲ. ಎಸ್ಟೇಟ್ನೋರು ದಡ್ರಾ ಹಂಗಾರೆ, ಬಾವ ಮೇಲಿನಿಂದ ಗುಡುಗಿದರು. ಎಸ್ಟೇಟ್ನೋರು ಮಳೇನ ಕೆರೇಲಿ ಇಟ್ಕೊಂಡವ್ರೆ, ನಾವೆಲ್ಲಿಟ್ಕೊಂಡಿದೀವಿ ಬಾವ? ಮೂಟೆ ಹೊತ್ತ ಹಮಾಲಿ ಕೆಂಚಯ್ಯ ಕಿಸಕ್ಕನೆ ನಕ್ಕ, ಹೋಟೆಲಿನ ಬಾಗಿಲಲ್ಲಿ ನನ್ನ ಗಂಡ ಟೀ ಲೋಟ ಹಿಡಿದು ನಿಂತಿದ್ದಾನೆ, ಈಗ ಆಕಳಿಕೆಯಲ್ಲ, ಬಾಯಿ ತಾನಾಗಿ ತೆರೆದಿದೆ. ಖುಷಿಯಾಯಿತು, ಸುಳ್ಳೇಕೆ, ತಲೆಯಿಂದ ಕಾಲಿನವರೆಗೆ ಖುಷಿ, ತೇರು ನಾನೇ ಎಳೆದಷ್ಟು ಖುಷಿ. ಬಾವನ ಬೆರಳು ಗಂಟಿನ ಮೇಲೆ. ಬಿಚ್ಚುತ್ತಿದ್ದಾರೆ, ತಾವೇ ಹಾಕಿದ್ದನ್ನು ತಾವೇ, ಒಂದು, ಇನ್ನೊಂದು, ನಮ್ಮ ಮೂಟೆಗಳು ಒಂದೊಂದಾಗಿ ಜಗಲಿಗೆ ಬಂದು ಕೂತವು. ಇನ್ನು ಉಳಿದದ್ದು ಬಾವನ ಪಾಲು, ಅದಕ್ಕೆ ಹಗ್ಗ ಬಿಗಿಯಬೇಕು. ಹಗ್ಗ ಕೈಯಲ್ಲಿದೆ. ಆಕಾಶ ನೋಡಿದರು. ಅಲ್ಲಾ ತಾಯಮ್ಮ — ದನಿ ಇಳಿದಿದೆ, ಮದುವೆಯಾಗಿ ಬಂದ ಮೇಲೆ ಈ ದನಿ ನಾನು ಕೇಳಿಲ್ಲ — ನೆಲ ಎಷ್ಟ್ ನೆನೀಬೇಕು ಅಂತೀಯ? ಒಂದು ಗೇಣು ಬಾವ, ಕೈ ಹಾಕಿದ್ರೆ ಒಂದು ಗೇಣು ತಣ್ಣಗಿರ್ಬೇಕು. ಹೂಂ, ಅಂದರು. ಹಗ್ಗ ಇನ್ನೂ ಕೈಯಲ್ಲೇ, ತುದಿ ಅವರ ಮೂಟೆಗಳ ಮೇಲೆ ಸಡಿಲಾಗಿ ಬಿದ್ದಿದೆ, ಬಿಗಿಯುತ್ತಿಲ್ಲ — ಕೈಯಲ್ಲಿ ಹಗ್ಗ, ಬಿಗಿಯುತ್ತಿಲ್ಲ —