ಸಾಹೇಬರ ಮನೆ

ರಸ್ತೆಯಲ್ಲಿ ಇಳಿಸಿದ್ದ ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ ದುರ್ಗೇಶನ ಕೈಯನ್ನು ಓಬಳೇಶ ಸರಿಸಿದ.

"ಮನೆಯೋರು ಇದೀವಿ. ನೀನು ಹಿಂದೆ ಬಾ."

ದುರ್ಗೇಶ ಪಕ್ಕಕ್ಕೆ ಹೋದ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು. ಓಬಳೇಶನಿಗೆ ಚುಚ್ಚಿದ್ದು ಅದೇ. ಸತ್ತದ್ದು ತನ್ನ ಅಪ್ಪ. ಬೆಳಗಿನಿಂದ ತನಗೇ ಒಂದು ಹನಿ ಬಂದಿರಲಿಲ್ಲ.

ಅಪ್ಪ ರಂಗಪ್ಪ ಚಿತ್ರದುರ್ಗದ ಕ್ರೈಂ ಪೊಲೀಸಿನಲ್ಲಿ ಮೂವತ್ತೆರಡು ವರ್ಷ ದುಡಿದು ಸಬ್‌ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ದುರ್ಗೇಶ ಅವನು ಹಿಡಿದ ಕಳ್ಳ. ಹತ್ತೊಂಬತ್ತನೇ ವಯಸ್ಸಿಗೆ ಬೈಕು ಕದ್ದು, ಜೈಲು ಕಂಡು ಬಂದವನನ್ನು ರಂಗಪ್ಪನೇ ಹೊಳಲ್ಕೆರೆ ರಸ್ತೆಯ ಗ್ಯಾರೇಜಿಗೆ ಸೇರಿಸಿದ್ದ. ಈಗ ಆ ಗ್ಯಾರೇಜು ದುರ್ಗೇಶನದೇ.

ಸ್ಮಶಾನದ ದಾರಿಯುದ್ದಕ್ಕೂ ಹಳೆಯ ಹೆಡ್ ಕಾನ್‌ಸ್ಟೆಬಲ್ ಬೋರಯ್ಯ ಪಕ್ಕದಲ್ಲೇ ನಡೆಯುತ್ತಿದ್ದ. "ಏನಪ್ಪ ಓಬಳೇಶ, ನಿಮ್ಮಪ್ಪ ಯಾರ ಮೇಲೂ ಕೈ ಎತ್ತಿದೋರಲ್ಲ. ಎದುರಿಗೆ ಕುಂತ್ಕಂಡು, ಟೀ ತರಿಸಿ, ನಿಮ್ಮೂರಾಗೆ ಮಳೆ ಹೆಂಗೈತೆ ಅಂತ ಶುರು ಮಾಡೋರು. ಸಂಜೆ ಹೊತ್ತಿಗೆ ಕಳ್ಳನೇ ಎಲ್ಲಾ ಹೇಳ್ಬಿಡೋನು. ಅಂಥಾ ಮಾತುಗಾರನ್ನ ನಾ ಕಾಣ್ಲಿಲ್ಲ."

ಮಾತುಗಾರ. ಬಿದಿರು ಓಬಳೇಶನ ಹೆಗಲನ್ನು ಒತ್ತುತ್ತಿತ್ತು. ಮನೆಯಲ್ಲಿ ಆ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಊಟ ಆಯ್ತಾ. ಬಾಗಿಲು ಹಾಕು. ಹೋಗಿ ಬರ್ತೀನಿ. ಬಂದೆ.

*

ಇಪ್ಪತ್ತೈದು ವರ್ಷದ ಹಿಂದೆ ಓಬಳೇಶ ಪಿಯುಸಿಯಲ್ಲಿ ಫೇಲಾಗಿದ್ದ. ಅಂಕಪಟ್ಟಿ ತೋರಿಸಿದಾಗ ಅಪ್ಪ, "ಮತ್ತೆ ಕಟ್ಟು" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟುಹೋದ.

ಅದೇ ಸಂಜೆ ಓಬಳೇಶ ಸೈಕಲ್ಲಿನಲ್ಲಿ ಗ್ಯಾರೇಜಿನ ಮುಂದೆ ಹಾದ. ಅಪ್ಪ ಹಳೆ ಟೈರಿನ ಮೇಲೆ ಕೂತು, ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು, ದುರ್ಗೇಶನ ಗ್ರೀಸು ಮೆತ್ತಿದ ಕೈ ಹಿಡಿದು ಹೆಸರು ಬರೆಸುತ್ತಿದ್ದ.

"ಲೇ, ದ ಬರದಿದೀಯ, ಕೊಂಬು ಯಾರು ಹಾಕ್ತಾರೆ, ನಿಮ್ಮಜ್ಜನಾ?"

ಇಬ್ಬರೂ ನಕ್ಕರು. ಅಪ್ಪ ಅಷ್ಟು ಜೋರಾಗಿ ನಕ್ಕಿದ್ದನ್ನು ಓಬಳೇಶ ಅವತ್ತೇ ಮೊದಲು ಕೇಳಿದ್ದು. ಅವನು ಸೈಕಲ್ ನಿಲ್ಲಿಸಲಿಲ್ಲ. ಪರೀಕ್ಷೆಯನ್ನೂ ಮತ್ತೆ ಕಟ್ಟಲಿಲ್ಲ. ಹಿರಿಯೂರು ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾದ.

*

ಮಣ್ಣು ಹಾಕಿದ ಮೇಲೆ ಎಲ್ಲರೂ ನಲ್ಲಿಯ ಬಳಿ ಕೈಕಾಲು ತೊಳೆದರು. ಓಬಳೇಶನಿಗೆ ತಡೆಯಲಾಗಲಿಲ್ಲ.

"ಅಷ್ಟೊತ್ತು ಕುಂತು ನಿನ್ನ ಹತ್ರ ಏನ್ ಮಾತಾಡ್ತಿದ್ದ ನಮ್ಮಪ್ಪ?"

ದುರ್ಗೇಶ ಮುಖಕ್ಕೆ ನೀರು ಹಾಕಿಕೊಂಡ. "ನನ್ನ ಕಷ್ಟ ಸುಖ ಕೇಳೋರು, ಅಣ್ಣಾ. ನನ್ ಮದ್ವೇಲಿ ಅವ್ರೇ ಮುಂದೆ ನಿಂತ್ರು. ಆದ್ರೆ ಇಪ್ಪತ್ತಾರು ವರ್ಷ ಸಾಹೇಬ್ರನ್ನ ಬೈಕಲ್ಲಿ ತಂದು ನಿಮ್ಮನೆ ಗೇಟಿನ ತಾವ ಬಿಟ್ಟಿದೀನಿ, ಒಂದಿನಾನೂ ಒಳಗೆ ಬಾ ಅನ್ಲಿಲ್ಲ. 'ಮನೇಲಿ ಮಗ ಇರ್ತಾನೆ, ನೀನು ಹೊರಡು' ಅನ್ನೋರು. ನೀವು ಆರಾಮಾಗಿ ಒಳಗೆ ಹೋಗೋದನ್ನ ರಸ್ತೇಲಿ ನಿಂತು ನೋಡ್ತಿದ್ದೆ." ಅವನು ಮುಖ ಒರೆಸಿಕೊಂಡ. "ಸುಳ್ಳು ಯಾಕೆ ಹೇಳ್ಲಿ, ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು."

ಓಬಳೇಶನಿಗೆ ಮೊದಲು ಖುಷಿಯಾಯಿತು. ಆಮೇಲೆ ಆ ಖುಷಿಗೇ ನಾಚಿಕೆಯಾಯಿತು. ಬೆಳಗಿನಿಂದ ಬಾರದ ಅಳು ಆಗ ಬಂತು; ನಲ್ಲಿಗೆ ತಲೆಯೊಡ್ಡಿದ.

"ದೀಪ ನೋಡಾಕೆ ಮನೇಗೆ ಬಾ," ಎಂದ ಕೊನೆಗೆ.

ಅಪ್ಪನನ್ನು ಮಲಗಿಸಿದ್ದ ಜಾಗದಲ್ಲಿ ಅವ್ವ ಸಿದ್ದಕ್ಕ ದೀಪ ಹಚ್ಚಿಟ್ಟಿದ್ದಳು. ಮಣ್ಣಿಗೆ ಹೋಗಿದ್ದವರು ಬಂದು ನೋಡಿ, ಕೈಮುಗಿದು ಹೊರಡುತ್ತಿದ್ದರು. ದುರ್ಗೇಶ ಗೇಟಿನಲ್ಲೇ ನಿಂತ. ಓಬಳೇಶ ಬಾಗಿಲಿನಿಂದ ಸರಿದು ಜಾಗ ಬಿಟ್ಟ.

ದೀಪಕ್ಕೆ ಕೈಮುಗಿದವನು ಹೊರಡಲಿಲ್ಲ. ಮಂಚ, ಟೀವಿ, ಅಡುಗೆಮನೆಯ ಬಾಗಿಲು, ಒಂದೊಂದನ್ನೇ ನೋಡಿದ. ಗೋಡೆಯ ಮೊಳೆಯಲ್ಲಿ ರಂಗಪ್ಪನ ಅಂಗಿ ನೇತಾಡುತ್ತಿತ್ತು. ಅದರ ಹತ್ತಿರ ಹೋದ. ನೆಂಟರೆಲ್ಲ ಅವನ ಕೈಗಳನ್ನೇ ನೋಡತೊಡಗಿದರು. ದುರ್ಗೇಶ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖವನ್ನಷ್ಟೇ ಅಂಗಿಯ ತೋಳಿನ ಹತ್ತಿರ ತಂದು ಉಸಿರೆಳೆದುಕೊಂಡ.