ಕೆಂಪು ಹಿಡಿಯ ಪಿನ್ನು

ಬೆಳಿಗ್ಗೆ ಇಗರ್ಜಿಯಲ್ಲಿ ಏಳನೆಯ ದಿನದ ಪೂಜೆ, ಅನಂತರ ಮನೆಗೆ ಬಂದವರಿಗೆ ಕಾಫಿ, ಅವರೆಲ್ಲ ಹೋದ ಮೇಲೆ ಜಾಕೆಟ್ಟಿನ ತಪಾಸಣೆ. ಈ ಕ್ರಮವನ್ನು ನೆಯ್ದೆ ಹಿಂದಿನ ದಿನವೇ ಗೊತ್ತುಮಾಡಿಕೊಂಡಿದ್ದಳು. ಪೊಲೀಸರು ಆ ಜಾಕೆಟ್ಟನ್ನು ಅಕ್ಕಿಚೀಲದಲ್ಲಿ ತುಂಬಿ ಹಿಂದಿರುಗಿಸಿದ್ದರು. ತೀರಿಕೊಂಡ ಅಣ್ಣನ ಪೂಜೆ ಮುಗಿಯುವ ಮುನ್ನ ಚೀಲದ ಬಾಯಿ ಬಿಚ್ಚುವ ಧೈರ್ಯ ಅವಳಿಗೆ ಬರಲಿಲ್ಲ.

ಅಣ್ಣ ಜುಸೇಲಿಯೊ ಉಸಿರು ಬಿಗಿಹಿಡಿದು ಮುಳುಗಿ, ಅರ್ರಯಾಲಿನ ಕಡಲಬಂಡೆಗಳ ಪೊಟರೆಗಳಲ್ಲಿ ಈಟಿಬಂದೂಕಿನಿಂದ ಮೀನು ಹೊಡೆಯುತ್ತಿದ್ದವನು. ಪ್ರಾಣಕ್ಕೆ ಭದ್ರತೆ ಇರಲೆಂದು ತಂದ ಜಾಕೆಟ್ಟು ಅದು. ನೀರಿನಡಿಯಲ್ಲಿ ಗೊತ್ತುಪಡಿಸಿದ ಹೊತ್ತು ಮೀರಿದರೆ ಎಡಗಡೆಯ ಸೂಜಿ ಪುಟ್ಟ ಗ್ಯಾಸ್ ಸಿಲಿಂಡರನ್ನು ತಾನಾಗಿ ಚುಚ್ಚುತ್ತದೆ. ಒಳಚೀಲ ಉಬ್ಬಿ ಮನುಷ್ಯನನ್ನು ಮೇಲಕ್ಕೆ ತಂದು ಅಂಗಾತ ತೇಲಿಸುತ್ತದೆ. ಬಲಗಡೆಯ ಸಿಲಿಂಡರು ಕೈಯಿಂದ ಕೆಂಪು ಹಿಡಿ ಎಳೆದರೆ ಮಾತ್ರ ಸಿಡಿಯುವಂಥದ್ದು. ಸಿಹಿನೀರಿನಲ್ಲಿ ಅದರ ಉಪ್ಪು ತೊಳೆಯುವುದು, ನೆರಳಿನಲ್ಲಿ ಒಣಗಿಸುವುದು, ವಾಷರಿಗೆ ಗ್ರೀಸ್ ಸವರುವುದು ಎಲ್ಲವೂ ನೆಯ್ದೆಯ ಕೆಲಸ. ಕೊನೆಯ ಬಾರಿ ಎಡಗಡೆಯ ವಾಷರು ಬದಲಿಸುತ್ತಿದ್ದಾಗ ಅಮ್ಮ ಕರೆದಿದ್ದಳು. ಹಿಂದಿರುಗಿ ಬಂದು ಸಿಲಿಂಡರನ್ನು ತಿರುಗಿಸಿ ಕೂರಿಸಿದ್ದು ನೆನಪಿತ್ತು. ಪೂರ್ತಿ ಬಿಗಿದದ್ದು ನೆನಪಿರಲಿಲ್ಲ. ಸಿಲಿಂಡರು ಸಡಿಲವಾಗಿದ್ದರೆ ಸೂಜಿ ಅದನ್ನು ಮುಟ್ಟುವುದಿಲ್ಲ. ಏಳು ದಿನಗಳಿಂದ ಅವಳು ನಿದ್ದೆಯಲ್ಲಿಯೂ ಅದನ್ನೇ ಬಿಗಿಯುತ್ತಿದ್ದಳು.

ಜೊತೆಗಾರ ಎರಾಲ್ದೊ ದಡದಲ್ಲಿ ಎಲ್ಲರೆದುರು ಹೇಳಿದ್ದು ಇಷ್ಟು: ಜಾಕೆಟ್ಟು ಉಬ್ಬಲೇ ಇಲ್ಲ, ಜುಸೇಲಿಯೊ ತಳದಲ್ಲಿ ಬಿದ್ದಿದ್ದ, ನಾನೇ ಮುಳುಗಿ ಕೆಂಪು ಹಿಡಿ ಎಳೆದು ಅವನನ್ನು ಮೇಲೆ ತಂದೆ. ದೋಣಿಗೆ ಎತ್ತಿಕೊಳ್ಳಲು ಅವನು ಅದರ ಗಾಳಿ ತೆಗೆದಿದ್ದರಿಂದ ದಡದವರು ಕಂಡದ್ದು ಚಪ್ಪಟೆ ಜಾಕೆಟ್ಟನ್ನೇ.

ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ನೆರೆಮನೆಯ ಇರಾಸಿಯ ದನಿ ಬೆನ್ನ ಹಿಂದೆ ಕೇಳಿಸಿತು.

"ಅಷ್ಟೊಂದು ಓದಿದಾಳೆ, ಒಂದು ತಿರುಪು ಬಿಗಿಯೋಕಾಗ್ಲಿಲ್ವಂತೆ."

"ಮೆಲ್ಲಗೆ ಮಾತಾಡೇ, ಕೇಳಿಸ್ಕೊಳ್ತಾಳೆ."

"ಕೇಳಿಸ್ಕೊಳ್ಳಲಿ ಬಿಡು. ಊರೆಲ್ಲಾ ಆಡ್ಕೊಳ್ತಿರೋದನ್ನೇ ಅಲ್ವಾ ನಾನು ಹೇಳ್ತಿರೋದು?"

ನೆಯ್ದೆ ತಿರುಗಿ ನೋಡದೆ ಮನೆಯ ಕಡೆ ನಡೆದಳು.

ಕಾಫಿ ಕುಡಿದು ಎಲ್ಲರೂ ಹೋದರು. ಎರಾಲ್ದೊ ಮಾತ್ರ ಉಳಿದ. ಸತ್ತವನ ಮಗಳಿಗೆ ಜ್ಞಾನಸ್ನಾನದ ತಂದೆಯಾದವನು, ಮನೆಯವನಂತೆಯೇ. ನೆಯ್ದೆ ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ ಚೀಲ ಎತ್ತಿಟ್ಟಳು.

"ಅದನ್ಯಾಕೆ ಈಗ ಬಿಚ್ತೀಯ? ಸಮುದ್ರಕ್ಕೆ ಎಸೆದ್ಬಿಡು, ಮಾರಾಯ್ತಿ."

"ನೋಡದೆ ಎಸೆಯಲ್ಲ."

"ನಿನ್ನನ್ನ ಯಾರೂ ಏನೂ ಅಂತಿಲ್ಲ ಕಣೇ."

"ಅಂತಿದಾರೆ."

ಜಾಕೆಟ್ಟು ಹೊಸದಾಗಿ ಬಂದ ದಿನ ಇದೇ ಮೇಜಿನ ಬಳಿ ಎರಾಲ್ದೊ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಲ್ಲಿಯವರೆಗೆ ಒಬ್ಬ ಮುಳುಗಿದರೆ ಇನ್ನೊಬ್ಬ ಮೇಲೆ ಮುಖ ನೀರಿಗಿಟ್ಟು ಕಾಯಬೇಕೆಂಬುದು ಅವರಿಬ್ಬರ ಕಟ್ಟುಪಾಡು. "ಇನ್ನು ಮೇಲಿಂದ ನಿನ್ನ ಕುಂಡೆ ನೋಡ್ತಾ ತೇಲೋ ಕರ್ಮ ತಪ್ತು ನೋಡು ನಂಗೆ!" ಎಂದಿದ್ದ. ಅಣ್ಣನೂ ನಕ್ಕಿದ್ದ. "ಇದು ಮೇಲಕ್ಕೆ ತರುತ್ತೆ, ಅಷ್ಟೇ. ಎಚ್ಚರ ತಪ್ಪಿದವನ ಮಾಸ್ಕ್ ತೆಗೆದು, ಮುಖಕ್ಕೆ ಊದಿ, ಹೆಸರು ಹಿಡಿದು ಕೂಗೋಕೆ ಮನುಷ್ಯರೇ ಬೇಕು," ಎಂದು ನೆಯ್ದೆ ಹೇಳಿದ್ದು ಆ ನಗುವಿನಲ್ಲಿ ಕರಗಿಹೋಗಿತ್ತು.

ಅವಳು ಎಡಗಡೆಯ ಸಿಲಿಂಡರಿಗೆ ಕೈ ಹಾಕಿದಳು. ಅದು ಅಲುಗಲಿಲ್ಲ. ಇಕ್ಕಳ ಹಿಡಿದು ಬಲವಾಗಿ ತಿರುಗಿಸಿದ ಮೇಲೆಯೇ ಬಿಟ್ಟುಕೊಂಡಿತು. ಕಿಟಕಿಯ ಬೆಳಕಿಗೆ ಹಿಡಿದಳು. ಕತ್ತಿನ ನಟ್ಟನಡುವೆ ಸೂಜಿ ಚುಚ್ಚಿದ ತೂತಿತ್ತು.

ಅವಳು ಕುರ್ಚಿಯಲ್ಲಿ ಕುಳಿತಳು. ಸಿಲಿಂಡರು ಸಿಡಿದಿತ್ತು; ತಾನು ಅದನ್ನು ಬಿಗಿದೇ ಇದ್ದಳು.

ಬಳಿಕ ಬಲಗಡೆಯದನ್ನು ಬಿಚ್ಚಿದಳು. ಅದರ ಮುಚ್ಚಳ ತೂತಿಲ್ಲದೆ ನುಣ್ಣಗಿತ್ತು. ಕೆಂಪು ಹಿಡಿಗೆ ಸಿಕ್ಕಿಸಿದ್ದ ಹಸಿರು ಪ್ಲಾಸ್ಟಿಕ್ ಪಿನ್ನು ತಾನು ಹಾಕಿದ ಹಾಗೆಯೇ ಇತ್ತು. ಹಿಡಿ ಎಳೆದರೆ ಮೊದಲು ಮುರಿಯಬೇಕಾದದ್ದು ಅದೇ. ಒಳಚೀಲವನ್ನು ಬಾಯಿಯಿಂದ ಊದಿ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಅದುಮಿ ಹಿಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ಎರಾಲ್ದೊ, ನೀನು ಎಳೆದದ್ದು ಯಾವ ಹಿಡಿ?"

"ಗಾಬರೀಲಿ ಏನ್ ಎಳೆದ್ನೋ…"

"ಇರೋದು ಒಂದೇ ಹಿಡಿ."

ಅವನು ಕಾಫಿಯ ಲೋಟವನ್ನು ಕೆಳಗಿಟ್ಟ.

"ಪೊಟರೇಲಿ ದೊಡ್ಡ ಗರೋಪ ಮೀನಿತ್ತು ಕಣೇ. ಅವನೂ ಮುಳುಗ್ದ, ನಾನೂ ಮುಳುಗ್ದೆ. ನಾನು ಮೇಲೆ ಬಂದಾಗ ಆಗಲೇ ತೇಲ್ತಿದ್ದ, ಮುಖ ಆಚೆ ಕಡೆಗಿತ್ತು. ಸುಸ್ತಾಗಿ ಜಾಕೆಟ್ಟು ಉಬ್ಬಿಸ್ಕೊಂಡು ಒರಗಿದಾನೆ ಅಂದ್ಕೊಂಡೆ. 'ಏನೋ ಮುದುಕ, ಇಷ್ಟಕ್ಕೇ ದಮ್ಮು ಹೋಯ್ತಾ?' ಅಂತ ಆಡ್ಕೊಂಡೆ. ಆಡ್ಕೊಂಡು… ಮತ್ತೆ ಮುಳುಗಿಬಿಟ್ಟೆ."

ನೆಯ್ದೆ ಪಿನ್ನನ್ನು ಬಟ್ಟೆಯ ಮೇಲಿಟ್ಟಳು. ತಪ್ಪು ತನ್ನದಲ್ಲವೆಂದು ತಿಳಿದರೆ ಎದೆ ಹಗುರಾದೀತೆಂದು ಅವಳು ನಂಬಿದ್ದಳು. ಹಾಗೇನೂ ಆಗಲಿಲ್ಲ.

ಒಳಕೋಣೆಯಿಂದ ಅಮ್ಮ ಕೇಳಿದಳು: "ಏನಾಗಿತ್ತಂತೆ, ನೆಯ್ದೆ? ಕೆಟ್ಟಿತ್ತಾ ಅದು?"

ಎರಾಲ್ದೊ ತಲೆ ಎತ್ತಲಿಲ್ಲ.

"ಜಾಕೆಟ್ಟು ಸರಿಯಾಗಿತ್ತು, ಅಮ್ಮ. ಹೊತ್ತಿಗೆ ಸರಿಯಾಗಿ ಉಬ್ಬಿ ಅವನನ್ನ ಮೇಲಕ್ಕೆ ತಂದಿತ್ತು. ಮೇಲೆ ಕಾಯೋರು ಯಾರೂ ಇರ್ಲಿಲ್ಲ."